ಇಟಲಿಯ ರ‍್ಯಾಲಿ ಕಾರುಗಳು ಷೋಕೇಸಿನೊಳಗೆ: ಪುಟ್ಟ ಮಾದರಿಗಳನ್ನು ಆರಿಸಿ, ಪರೀಕ್ಷಿಸಿ, ಕಾಪಾಡುವ ಸಮಗ್ರ ಮಾರ್ಗದರ್ಶಿ

ಇಟಲಿಯ ಲಾನ್ಸಿಯಾ ಕಂಪನಿಯ ಸ್ಟ್ರಾಟೋಸ್ ಕಾರಿನ ಪುಟ್ಟ ಮಾದರಿ ಬೇಕು ಎಂದು ಕೇಳಿದವರಿಗೆ ಬಲ್ಲ ವ್ಯಾಪಾರಿ ಹಾಕುವ ಮೊದಲ ಮರುಪ್ರಶ್ನೆ ‘ಯಾವ ಸ್ಟ್ರಾಟೋಸ್?’ ಎಂಬುದು. 1975ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ 14ನೇ ಸಂಖ್ಯೆಯದೇ, 1976ರ 10ನೇ ಸಂಖ್ಯೆಯದೇ, 1977ರ 1ನೇ ಸಂಖ್ಯೆಯದೇ? ಮೂರನ್ನೂ ಓಡಿಸಿದವರು ಸಾಂಡ್ರೊ ಮುನಾರಿ. ಮೂರರ ಮೈಮೇಲೂ ಅಲಿಟಾಲಿಯಾ ವಿಮಾನ ಕಂಪನಿಯ ಬಿಳಿ, ಹಸಿರು, ಕೆಂಪು. ಆದರೂ ಅವು ಮೂರು ಬೇರೆ ಬೇರೆ ಕಾರುಗಳು.

ಈ ಹವ್ಯಾಸದ ಬೀಗದ ಕೈ ಇರುವುದು ಈ ಮರುಪ್ರಶ್ನೆಯಲ್ಲಿ. ರಸ್ತೆಯ ಕಾರಿನ ಮಾದರಿ ಒಂದು ಜಾತಿಯ ಕಾರನ್ನು ತೋರಿಸಿದರೆ ಸಾಕು. ರ‍್ಯಾಲಿ ಕಾರಿನ ಮಾದರಿ ಹಾಗಲ್ಲ. ಅದು ಒಂದು ನಿರ್ದಿಷ್ಟ ಕಾರು, ಒಂದು ನಿರ್ದಿಷ್ಟ ವಾರ, ಒಬ್ಬ ನಿರ್ದಿಷ್ಟ ಚಾಲಕ. ಅದನ್ನು ತಿಳಿದು ಕೊಂಡವರ ಹತ್ತು ಮಾದರಿಗಳ ಮುಂದೆ, ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ತಂದವರ ನೂರು ಮಾದರಿಗಳು ಮಂಕಾಗಿ ಕಾಣುತ್ತವೆ.

ಹಂತ 1: ಎಳೆಯೊಂದನ್ನು ಹಿಡಿಯಿರಿ

ಇಟಲಿಯ ಕಾರುಗಳನ್ನೆಲ್ಲ ಕೂಡಿಹಾಕುತ್ತೇನೆ ಎಂದು ಹೊರಟರೆ ಮನೆಯ ಗೋಡೆಗಳೂ ಸಾಲುವುದಿಲ್ಲ, ಸಂಬಳವೂ ಸಾಲುವುದಿಲ್ಲ. ಹೊಸಬರಿಗೆ ನಾನು ಯಾವಾಗಲೂ ಹೇಳುವ ಎಳೆ ಒಂದೇ: 1972ರಿಂದ 1992ರವರೆಗೆ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಇಟಲಿಯ ಕಾರುಗಳು. ಒಟ್ಟು ಹದಿಮೂರು. ಎರಡು ಅಡಿಯ ಎರಡು ಹಲಗೆಗಳಲ್ಲಿ ಆರಾಮವಾಗಿ ಕೂರುತ್ತವೆ. ಇಟಲಿಯ ರ‍್ಯಾಲಿ ಇತಿಹಾಸದ ಮುಖ್ಯ ತಿರುವುಗಳೆಲ್ಲ ಅದರಲ್ಲಿ ಸಿಗುತ್ತವೆ.

ಪಟ್ಟಿ ಹೀಗಿದೆ. 1972ರಲ್ಲಿ ಮುನಾರಿ ಮತ್ತು ಸಹಚಾಲಕ ಮಾರಿಯೊ ಮನ್ನುಚಿ ಜೋಡಿಯ ಲಾನ್ಸಿಯಾ ಫುಲ್ವಿಯಾ 1.6 ಎಚ್‌ಎಫ್. 1975, 76, 77ರಲ್ಲಿ ಮುನಾರಿಯವರ ಸ್ಟ್ರಾಟೋಸ್. 1979ರಲ್ಲಿ ಬರ್ನಾರ್ ದಾರ್ನಿಶ್ ಅವರ ನೀಲಿ ಸ್ಟ್ರಾಟೋಸ್. ಶಾರ್ದೊನೆ ತಂಡದ ಆ ಕಾರು ಬ್ಯೋರ್ನ್ ವಾಲ್ಡೆಗಾರ್ಡ್ ಅವರ ಫೋರ್ಡನ್ನು ಸೋಲಿಸಿದ್ದು ಬರೀ 6 ಸೆಕೆಂಡುಗಳ ಅಂತರದಲ್ಲಿ. 1980ರಲ್ಲಿ ವಾಲ್ಟರ್ ರೋರ್ಲ್ ಅವರ ಫಿಯಟ್ 131 ಅಬಾರ್ತ್. 1983ರಲ್ಲಿ ಅವರದೇ ಲಾನ್ಸಿಯಾ 037. 1986ರಲ್ಲಿ ಹೆನ್ರಿ ಟೊಯ್ವೊನೆನ್ ಅವರ ಡೆಲ್ಟಾ ಎಸ್4. ಅಲ್ಲಿಂದ ಮುಂದೆ ಡೆಲ್ಟಾಗಳದೇ ದರ್ಬಾರು: 1987 ಮತ್ತು 89ರಲ್ಲಿ ಮಿಕಿ ಬಿಯಾಸಿಯೊನ್, 1988ರಲ್ಲಿ ಬ್ರೂನೊ ಸಾಬಿ, 1990 ಮತ್ತು 92ರಲ್ಲಿ ದಿದಿಯೆ ಓರಿಯೋಲ್. ಹಿಂದಕ್ಕೆ ಒಂದು ಹೆಜ್ಜೆ ಹೋಗುವ ಆಸೆಯಿದ್ದರೆ 1954ರಲ್ಲಿ ಲೂಯಿ ಶಿರೋನ್ ಗೆದ್ದ ಲಾನ್ಸಿಯಾ ಅವ್ರೇಲಿಯಾ ಬಿ20 ಜಿಟಿಯನ್ನು ಸೇರಿಸಿಕೊಂಡು ಹದಿನಾಲ್ಕು ಮಾಡಿಕೊಳ್ಳಿ.

ಬೇರೆ ಎಳೆಗಳೂ ಇವೆ. ವಿನ್ಯಾಸಕಾರನ ಬೆನ್ನು ಹತ್ತುವುದು ಒಂದು. ಮಾರ್ಚೆಲ್ಲೊ ಗಾಂಡಿನಿ ಅವರು ಬೆರ್ತೋನೆ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಲ್ಯಾಂಬೊರ್ಗಿನಿ ಮಿಯುರಾ, ಆಲ್ಫಾ ರೋಮಿಯೊ ಮಾಂಟ್ರಿಯಲ್, ಸ್ಟ್ರಾಟೋಸ್, ಕೌಂಟಾಶ್ ಇಷ್ಟನ್ನೇ ಸಾಲಾಗಿ ನಿಲ್ಲಿಸಿದರೂ ನೋಡಿದವರು ನಿಂತು ನೋಡುತ್ತಾರೆ. ಜೋಡಿ ಕಟ್ಟುವುದು ಇನ್ನೊಂದು. ರ‍್ಯಾಲಿಗೆ ಇಳಿಯಬೇಕಾದರೆ ಇಷ್ಟು ಕಾರುಗಳನ್ನು ಸಾರ್ವಜನಿಕರಿಗಾಗಿ ತಯಾರಿಸಿರಬೇಕು ಎಂಬ ನಿಯಮವಿತ್ತು. ಫಿಯಟ್ 131 ಅಬಾರ್ತ್‌ಗೆ ಅದು 400. ಸ್ಪರ್ಧೆಯ ‘ಬಿ’ ಗುಂಪಿಗೆ (ಗ್ರೂಪ್ ಬಿ) ಸೇರಿದ 037 ಮತ್ತು ಎಸ್4ಗೆ 200. ಹೀಗಾಗಿ ಪ್ರತಿ ರ‍್ಯಾಲಿ ಕಾರಿಗೂ ರಸ್ತೆಯಲ್ಲಿ ಓಡಾಡಿದ ಒಬ್ಬ ಸೋದರನಿದ್ದಾನೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ದೀಪ, ಚಕ್ರ, ಎತ್ತರ ಎಲ್ಲೆಲ್ಲಿ ಬದಲಾಗಿದೆ ಎಂದು ಮಕ್ಕಳೂ ಗುರುತಿಸುತ್ತಾರೆ.

ನಮ್ಮಲ್ಲಿ ಕೆಲವರು ಇದಕ್ಕೆ ಇಳಿಯುವುದು ಫಿಯಟ್‌ನ ನೆನಪಿನಿಂದ. ಪ್ರೀಮಿಯರ್ ಪದ್ಮಿನಿ ಎಂದರೆ ಫಿಯಟ್ 1100. ಪ್ರೀಮಿಯರ್ 118 ಎನ್‌ಇ ಎಂದರೆ ಫಿಯಟ್ 124ರ ಮೈಯಲ್ಲಿ ನಿಸ್ಸಾನ್ ಎಂಜಿನ್. ಅಪ್ಪ ಓಡಿಸುತ್ತಿದ್ದ ಕಾರಿನ ಇಟಲಿಯ ಮೂಲದಿಂದ ಆರಂಭಿಸಿ 124 ಅಬಾರ್ತ್ ರ‍್ಯಾಲಿ, 131 ಅಬಾರ್ತ್ ಎಂದು ಮುಂದುವರಿಯುವುದು ಒಳ್ಳೆಯ ದಾರಿಯೇ.

ಹಂತ 2: ಅಳತೆಯನ್ನು ಒಮ್ಮೆ ನಿಶ್ಚಯಿಸಿ, ಮತ್ತೆ ಬದಲಿಸಬೇಡಿ

ಸ್ಟ್ರಾಟೋಸ್‌ನ ನಿಜವಾದ ಉದ್ದ 3,710 ಮಿಲಿಮೀಟರ್. 1:64ರಲ್ಲಿ, ಅಂದರೆ ನಿಜದ 64ನೇ ಒಂದು ಪಾಲಿಗೆ ಇಳಿಸಿದರೆ, ಅದು 58 ಮಿ.ಮೀ., 1:43ರಲ್ಲಿ 86, 1:24ರಲ್ಲಿ 155, 1:18ರಲ್ಲಿ 206. ಈ ಲೆಕ್ಕವನ್ನು ಕಾಗದದ ಮೇಲೆ ಗೆರೆ ಎಳೆದು ಕತ್ತರಿಸಿ, ನಿಮ್ಮ ಷೋಕೇಸಿನಲ್ಲಿಟ್ಟು ನೋಡಿ. ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ.

ಇಟಲಿಯ ರ‍್ಯಾಲಿ ಕಾರುಗಳಿಗೆ ನನ್ನ ಮತ 1:43ಕ್ಕೆ. ಯುರೋಪಿನ ಸಂಗ್ರಾಹಕರ ಮಾತೃಭಾಷೆ ಎಂದರೆ ಈ ಅಳತೆಯೇ. ‘ಒ’ ಗೇಜಿನ ಆಟಿಕೆ ರೈಲುಗಳ ಪಕ್ಕದಲ್ಲಿ ನಿಲ್ಲಿಸಲೆಂದು ಹುಟ್ಟಿದ ಈ ಅನುಪಾತದಲ್ಲಿ ಸಿಗುವಷ್ಟು ರ‍್ಯಾಲಿಗಳು, ಚಾಲಕರು, ಬಣ್ಣಗಳು ಬೇರಾವ ಅಳತೆಯಲ್ಲೂ ಸಿಗುವುದಿಲ್ಲ. ಮೇಲೆ ಹೇಳಿದ ಹದಿಮೂರೂ ಒಂದೇ ಅಳತೆಯಲ್ಲಿ ಬೇಕೆಂದರೆ 1:43 ಬಿಟ್ಟರೆ ಗತಿಯಿಲ್ಲ.

ಬಾಗಿಲು, ಬಾನೆಟ್ ತೆರೆದು ನೋಡುವ ಸುಖ ಬೇಕಾದವರಿಗೆ 1:18. ಸ್ಟ್ರಾಟೋಸ್‌ನ ಬಾಗಿಲ ಒಳಗೆ ಹೆಲ್ಮೆಟ್ ಇಡಲೆಂದೇ ಮಾಡಿದ ದೊಡ್ಡ ಗೂಡಿದೆ. ಒಳ್ಳೆಯ 1:18 ಮಾದರಿಯಲ್ಲಿ ಅದನ್ನು ಕಾಣಬಹುದು. ಆದರೆ ಹತ್ತು ಮಾದರಿ ತಂದರೆ ಒಂದು ಬೀರು ತುಂಬಿತು. ಸಣ್ಣ ಮನೆ, ಸಣ್ಣ ಬಜೆಟ್ ಇದ್ದವರಿಗೆ 1:64 ಈಗ ಮೊದಲಿನಂತೆ ಬರೀ ಆಟಿಕೆಯಲ್ಲ. ಮಿನಿ ಜಿಟಿಯಂಥ ಕಂಪನಿಗಳು ಡೆಲ್ಟಾ ಇಂಟೆಗ್ರಾಲೆ ಮತ್ತು ಸ್ಟ್ರಾಟೋಸ್‌ಗಳನ್ನು ಅಚ್ಚುಕಟ್ಟಾಗಿ ತಂದಿವೆ. ಹಾಟ್ ವೀಲ್ಸ್‌ನಲ್ಲೂ ಇವೆರಡು ಬಂದಿವೆ. ಅವನ್ನು ಮಕ್ಕಳ ಕೈಗೂ ಕೊಡಬಹುದು ಎಂಬುದು ಅವುಗಳ ದೊಡ್ಡ ಗುಣ.

ಹಂತ 3: ಕೊಳ್ಳುವ ಮೊದಲು ನಿಜವಾದ ಕಾರನ್ನು ಓದಿ

ಈ ಹಂತವನ್ನು ಹಾರಿಸಿ ನೇರವಾಗಿ ಅಂಗಡಿಗೆ ಹೋಗುವವರೇ ಹೆಚ್ಚು. ನನ್ನ ಕೇಳಿದರೆ ಹವ್ಯಾಸದ ನಿಜವಾದ ರುಚಿ ಇಲ್ಲೇ ಇದೆ.

ಡೆಲ್ಟಾವನ್ನೇ ತೆಗೆದುಕೊಳ್ಳಿ. ಜೊರ್ಜೆತ್ತೊ ಜುಜಾರೊ ಅವರು ಗೆರೆ ಹಾಕಿದ ಈ ಸಂಸಾರಿಯ ಕಾರು 1980ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. 1987ರಿಂದ 1992ರವರೆಗೆ ಲಾನ್ಸಿಯಾ ಸತತ ಆರು ವಿಶ್ವ ರ‍್ಯಾಲಿ ತಯಾರಕರ ಪ್ರಶಸ್ತಿ ಗೆದ್ದದ್ದು ಇದೇ ಡೆಲ್ಟಾದ ನಾಲ್ಕು ಅವತಾರಗಳಿಂದ. ದೂರದಿಂದ ನಾಲ್ಕೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಿ.

1987ರ ಎಚ್‌ಎಫ್ 4ಡಬ್ಲ್ಯುಡಿಯ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ) ಮೈ ಸಪಾಟು. ಚಕ್ರದ ಮೇಲಿನ ಕಮಾನುಗಳು ಉಬ್ಬಿಲ್ಲ. 1988ರ ಪೋರ್ಚುಗಲ್ ರ‍್ಯಾಲಿಯಲ್ಲಿ ಬಂದ ಎಂಟು ಕವಾಟದ (ಎಂಜಿನ್ ವಾಲ್ವ್) ಇಂಟೆಗ್ರಾಲೆಗೆ ಅಗಲ ಚಕ್ರಗಳಿಗಾಗಿ ಕಮಾನುಗಳು ಉಬ್ಬಿದವು. 1989ರ ಸಾನ್‌ರೆಮೊದಲ್ಲಿ ಹದಿನಾರು ಕವಾಟದ ಕಾರು ಬಂದಾಗ ಎಂಜಿನ್‌ಗೆ ಜಾಗ ಸಾಲದೆ ಬಾನೆಟ್ಟಿನ ನಡುಭಾಗ ಎತ್ತರವಾಯಿತು. ಆ ಮೊದಲ ಓಟಕ್ಕೆ ಲಾನ್ಸಿಯಾ ತನ್ನ ಎಂದಿನ ಬಿಳಿ ಬಿಟ್ಟು ಕೆಂಪು ಬಳಿಯಿತು, ಬಿಯಾಸಿಯೊನ್ ಗೆದ್ದೂ ಬಂದರು. ಪ್ರಾಯೋಜಕ ಮದ್ಯ ಕಂಪನಿ ಮಾರ್ಟಿನಿಯ ಪಟ್ಟಿಗಳಿರುವ ಕೆಂಪು ಡೆಲ್ಟಾ ಕಂಡರೆ ಬೇರೆ ಏನೂ ಕೇಳಬೇಕಿಲ್ಲ, ಅದು ಸಾನ್‌ರೆಮೊ 1989. ಕೊನೆಯದಾಗಿ 1992ರ ಮಾಂಟೆ ಕಾರ್ಲೊಗೆ ಬಂದ ಎವೊಲೂಸಿಯೋನೆ, ಅಭಿಮಾನಿಗಳ ಬಾಯಲ್ಲಿ ‘ಡೆಲ್ಟೋನಾ’. ಇದರ ಮೈ ಇನ್ನೂ ಅಗಲ, ಚಾವಣಿಯ ಹಿಂತುದಿಯಲ್ಲಿ ಎತ್ತಿ ಇಳಿಸಬಹುದಾದ ರೆಕ್ಕೆ. ರಸ್ತೆಯ ಕಾರಿನಲ್ಲಿ ಇನ್ನೂ ಸುಲಭದ ಗುರುತಿದೆ: ಚಕ್ರದ ಬೋಲ್ಟುಗಳನ್ನು ಎಣಿಸಿ. ನಾಲ್ಕಿದ್ದರೆ ಹಳೆಯದು, ಐದಿದ್ದರೆ ಎವೊಲೂಸಿಯೋನೆ.

ಈಗ ಮಾದರಿಯತ್ತ ಬನ್ನಿ. ‘ಮಾಂಟೆ ಕಾರ್ಲೊ 1988, ಸಾಬಿ’ ಎಂದು ಬರೆದ ಪೆಟ್ಟಿಗೆಯೊಳಗೆ ಉಬ್ಬಿದ ಕಮಾನಿನ ಡೆಲ್ಟಾ ಇದ್ದರೆ ತಯಾರಕರು ಕೈಯಲ್ಲಿದ್ದ ಅಚ್ಚಿನಲ್ಲೇ ಕೆಲಸ ಮುಗಿಸಿದ್ದಾರೆ ಎಂದರ್ಥ. ಜನವರಿಯ ಮಾಂಟೆ ಕಾರ್ಲೊದಲ್ಲಿ ಸಾಬಿ ಓಡಿಸಿದ್ದು ಹಳೆಯ 4ಡಬ್ಲ್ಯುಡಿಯನ್ನು. ಒಂದು ಅಚ್ಚು ಕೆತ್ತುವುದು ದುಬಾರಿ, ಬಣ್ಣ ಬದಲಿಸುವುದು ಅಗ್ಗ. ಹಾಗಾಗಿ ಅಗ್ಗದ ಸರಣಿಗಳಲ್ಲಿ ಇಂಥ ಹೊಂದಾಣಿಕೆ ಸಾಮಾನ್ಯ. ಗೊತ್ತಿದ್ದೂ ಕೊಂಡರೆ ತಪ್ಪೇನಿಲ್ಲ, ಬೆಲೆ ಅದಕ್ಕೆ ತಕ್ಕಂತಿರಬೇಕು ಅಷ್ಟೆ.

ಹೀಗೆ ಪ್ರತಿ ಕಾರಿಗೂ ನಾಲ್ಕೈದು ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಸಫಾರಿ ರ‍್ಯಾಲಿಯ ಕಾರಾದರೆ ಮೈ ನೆಲದಿಂದ ಎತ್ತರದಲ್ಲಿರಬೇಕು, ಮೂತಿಗೆ ದಪ್ಪ ಕಂಬಿಗಳ ಗಾರ್ಡ್ ಇರಬೇಕು. ಮಾಂಟೆ ಕಾರ್ಲೊದಲ್ಲಿ ರಾತ್ರಿಯ ಹಾದಿಗೆ ಮುಂದೆ ಹೆಚ್ಚುವರಿ ದೀಪಗಳ ಗುಂಪು, ಹಿಮವಿದ್ದರೆ ಸಣಕಲು ಮೊಳೆ ಟೈರು. ಕಾರ್ಸಿಕಾದ ಡಾಂಬರು ರಸ್ತೆಗೆ ನೆಲಕ್ಕೆ ಅಂಟಿದಂತೆ ತಗ್ಗಿದ ಮೈ, ಅಗಲ ಟೈರು. ಮಾಂಟೆ ಕಾರ್ಲೊದ ಹಾದಿ ಒಣಗಿತ್ತೋ ಬಿಳಿಯಾಗಿತ್ತೋ ಎಂಬುದು ವರ್ಷದಿಂದ ವರ್ಷಕ್ಕೆ, ಒಂದೇ ರ‍್ಯಾಲಿಯ ಒಂದು ಹಂತದಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ದೀಪಗಳನ್ನು ಹಗಲು ಬಿಚ್ಚಿಡುವುದೂ ಇತ್ತು. ಆದ್ದರಿಂದ ಒಂದೇ ಚಿತ್ರ ನೋಡಿ ‘ಮಾದರಿ ತಪ್ಪು’ ಎಂದು ತೀರ್ಪು ಕೊಡಬೇಡಿ.

ಸ್ಪರ್ಧಾ ಸಂಖ್ಯೆಯೊಂದನ್ನೇ ನಂಬಿ ಕೂರುವುದೂ ಸಲ್ಲ. 1972ರ ಫುಲ್ವಿಯಾದ ಸಂಖ್ಯೆ 14. 1975ರ ಸ್ಟ್ರಾಟೋಸ್‌ನದೂ 14. 1976ರ ಸ್ಟ್ರಾಟೋಸ್‌ಗೆ 10. 1980ರ ರೋರ್ಲ್ ಅವರ 131ಕ್ಕೂ 10. ಸಂಖ್ಯೆ, ಬಾಗಿಲ ಬಳಿಯ ಚಾಲಕ-ಸಹಚಾಲಕರ ಹೆಸರು, ನಂಬರ್ ಪ್ಲೇಟು ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಮುನಾರಿಯವರ ಪಕ್ಕ 1975ರಲ್ಲಿ ಮನ್ನುಚಿ ಕೂತಿದ್ದರು, 1976 ಮತ್ತು 77ರಲ್ಲಿ ಸಿಲ್ವಿಯೊ ಮೈಗಾ. ಸಂಖ್ಯೆ 10 ಇದ್ದು ಹೆಸರು ಮನ್ನುಚಿ ಎಂದಿದ್ದರೆ ಯಾರೋ ಕಣ್ಣು ಮುಚ್ಚಿ ಕೆಲಸ ಮಾಡಿದ್ದಾರೆ.

ರಸ್ತೆಯ ಕಾರುಗಳಿಗೂ ಇಂಥ ಗುರುತುಗಳಿವೆ. ಮಿಯುರಾದ ಹೆಡ್‌ಲೈಟಿನ ಸುತ್ತ ಕಪ್ಪು ರೆಪ್ಪೆಗಳಿದ್ದರೆ ಅದು ಪಿ400 ಅಥವಾ ಪಿ400 ಎಸ್. 1971ರಲ್ಲಿ ಬಂದ ಎಸ್‌ವಿಗೆ ರೆಪ್ಪೆಯಿಲ್ಲ, ಹಿಂಭಾಗ ಅಗಲ. 1965ರ ಆಲ್ಫಾ ರೋಮಿಯೊ ಜಿಟಿಎ ಹೊರನೋಟಕ್ಕೆ ಸಾಧಾರಣ ಜೂಲಿಯಾ ಕೂಪೆಯಂತೆಯೇ ಇದ್ದರೂ ತೂಕ ಇಳಿಸಲೆಂದು ಮೈಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಕಾರು. ಬಾಗಿಲ ಹಿಡಿ, ಮುಂಭಾಗದ ಜಾಲರಿ ಎಲ್ಲವೂ ಸರಳ. ಮಾದರಿಯಲ್ಲಿ ಹೊಳೆಯುವ ಕ್ರೋಮ್ ಅಲಂಕಾರ ತುಂಬಿದ್ದರೆ ಅನುಮಾನಿಸಿ.

ಓದುವುದು ಎಲ್ಲಿಂದ? ಆ ಕಾಲದ ರ‍್ಯಾಲಿಗಳ ಛಾಯಾಚಿತ್ರಗಳೇ ಮೊದಲ ಗುರು. ನಿಜವಾದ ಕಾರುಗಳನ್ನು ನೋಡುವ ಅವಕಾಶ ಸಿಕ್ಕಿದರೆ ಟ್ಯೂರಿನ್‌ನ ರಾಷ್ಟ್ರೀಯ ಮೋಟಾರು ವಾಹನ ವಸ್ತುಸಂಗ್ರಹಾಲಯ, ಅದೇ ಊರಿನಲ್ಲಿ ಮಿರಾಫಿಯೊರಿ ಕಾರ್ಖಾನೆಯ ಜಾಗದಲ್ಲಿ 2019ರಲ್ಲಿ ತೆರೆದ ಹೆರಿಟೇಜ್ ಹಬ್, ಮಿಲಾನ್ ಸಮೀಪದ ಆರೆಸೆಯಲ್ಲಿರುವ ಆಲ್ಫಾ ರೋಮಿಯೊ ಸಂಗ್ರಹಾಲಯ ಇವು ಮೂರನ್ನು ತಪ್ಪಿಸಬೇಡಿ. ಹೋದಾಗ ಕಾರಿನ ಮುಂದೆ ನಿಂತು ಸೆಲ್ಫಿ ಹೊಡೆಯುವ ಬದಲು ನಂಬರ್ ಪ್ಲೇಟು, ಮಡ್‌ಫ್ಲ್ಯಾಪು, ದೀಪಗಳ ಹಿಂಬದಿ, ಚಾವಣಿ ಇವುಗಳ ಚಿತ್ರ ತೆಗೆದುಕೊಳ್ಳಿ. ಪುಸ್ತಕಗಳಲ್ಲಿ ಸಿಗದ ಕೋನಗಳು ಅವೇ.

ಹಂತ 4: ಯಾರು ಮಾಡಿದ್ದು, ಯಾವುದರಿಂದ ಮಾಡಿದ್ದು

ಮಾದರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರಕ ಹೊಯ್ದ ಡೈಕಾಸ್ಟ್. ಇನ್ನೊಂದು, ಅಚ್ಚಿನಲ್ಲಿ ಎರೆದು ಗಟ್ಟಿಯಾಗಿಸುವ ಪ್ಲಾಸ್ಟಿಕ್ಕಿನಂಥ ರೆಸಿನ್. ಡೈಕಾಸ್ಟ್ ಕೈಗೆ ಭಾರ, ಗಟ್ಟಿ. ಬಾಗಿಲು ತೆರೆಯುವಂತೆ ಮಾಡಬಹುದು. ಉಕ್ಕಿನ ಅಚ್ಚಿಗೆ ದೊಡ್ಡ ಮೊತ್ತ ಹಾಕುವುದರಿಂದ ಸಾವಿರಗಟ್ಟಲೆ ತಯಾರಿಸಿದರೆ ಮಾತ್ರ ಕಟ್ಟುತ್ತದೆ. ರೆಸಿನ್‌ಗೆ ರಬ್ಬರಿನ ಅಚ್ಚು ಸಾಕು, ಕೆಲವು ನೂರು ಮಾಡಿದರೂ ಆದೀತು. ಅಪರೂಪದ ರ‍್ಯಾಲಿಯ ಅಪರೂಪದ ಕಾರು ರೆಸಿನ್‌ನಲ್ಲಿ ಮಾತ್ರ ಸಿಗಲು ಇದೇ ಕಾರಣ. ಅಂಚುಗಳು ಚೂಪು, ಬಾಗಿಲು ತೆರೆಯುವುದಿಲ್ಲ, ಬೆಲೆ ಜಾಸ್ತಿ, ಬಿದ್ದರೆ ಮುಗಿಯಿತು.

ಇಟಲಿಯ ಹಳೆಯ ಹೆಸರುಗಳಲ್ಲಿ ಟ್ಯೂರಿನ್‌ನ ಮರ್ಕ್ಯುರಿ, ಆಮೇಲೆ ಪೊಲಿಸ್ಟಿಲ್ ಆದ ಪೊಲಿಟಾಯ್ಸ್, ಮೆಬೆಟಾಯ್ಸ್ ಮುಖ್ಯ. ಇವು ಆಟಿಕೆಗಳು, ಈಗಿನ ಕಣ್ಣಿಗೆ ಒರಟು. ಆದರೆ ಆ ಕಾರುಗಳು ಬೀದಿಯಲ್ಲಿ ಓಡುತ್ತಿದ್ದಾಗಲೇ ತಯಾರಾದವು ಎಂಬ ಕಾರಣಕ್ಕೆ ಅವುಗಳ ತೂಕವೇ ಬೇರೆ. ಕೋಮೊ ಸೀಮೆಯಲ್ಲಿ 1972ರಲ್ಲಿ ಆರಂಭವಾದ ಬ್ರುಮ್ 1:43ಕ್ಕೇ ಮೀಸಲು. ಅವ್ರೇಲಿಯಾ ಬಿ20, ಫಿಯಟ್ 500 ಬೇಕಾದವರು ಮೊದಲು ತಟ್ಟಬೇಕಾದ ಬಾಗಿಲು ಅದು.

ಬುರಾಗೊ ಬಗ್ಗೆ ಒಂದು ಎಚ್ಚರಿಕೆ. ಮಿಲಾನ್ ಹತ್ತಿರದ ಬುರಾಗೊ ದಿ ಮೊಲ್ಗೊರಾ ಎಂಬ ಊರಿನ ಹೆಸರು ಹೊತ್ತ ಈ ಕಂಪನಿ 2005ರಲ್ಲಿ ಬಾಗಿಲು ಮುಚ್ಚಿತು. ಹೆಸರನ್ನು ಮೈಸ್ಟೊ ಬ್ರ್ಯಾಂಡಿನ ಒಡೆಯರಾದ ಮೇ ಚಿಯಾಂಗ್ ಸಮೂಹ ಕೊಂಡಿತು. ಈಗ ನಮ್ಮ ಮಾಲ್‌ಗಳಲ್ಲಿ ಸಿಗುವ ಬುರಾಗೊ ಇಟಲಿಯದಲ್ಲ. ಹಳೆಯ ಇಟಲಿಯ ಬುರಾಗೊ ಬೇಕಾದವರು ಮಾದರಿಯ ತಳವನ್ನು ತಿರುಗಿಸಿ, ‘ಮೇಡ್ ಇನ್ ಇಟಲಿ’ ಎಂದು ಅಚ್ಚಾಗಿದೆಯೇ ನೋಡಬೇಕು. ಫೆರಾರಿಯ ಪರವಾನಗಿಯ ಕಥೆಯೂ ಇದಕ್ಕೆ ಹೊಂದಿಕೊಂಡಿದೆ: 2014ರವರೆಗೆ ಅದು ಹಾಟ್ ವೀಲ್ಸ್‌ನ ಮ್ಯಾಟೆಲ್ ಕೈಯಲ್ಲಿತ್ತು, 2015ರಿಂದ ಬುರಾಗೊಗೆ ಹೋಯಿತು. ಅಲ್ಲಿಂದ ಸುಮಾರು ಹತ್ತು ವರ್ಷ ಹೊಸ ಹಾಟ್ ವೀಲ್ಸ್ ಫೆರಾರಿಗಳು ಅಂಗಡಿಯಲ್ಲಿ ಕಾಣದೆ, ಹಳೆಯವುಗಳ ಬೆಲೆ ಏರಿದ್ದು ಅದರಿಂದಲೇ.

ಉಳಿದಂತೆ, ಫ್ರಾನ್ಸ್‌ನ ಸೊಲಿಡೊ 1970ರ ದಶಕದಲ್ಲೇ 131 ಅಬಾರ್ತ್ ಮತ್ತು ಸ್ಟ್ರಾಟೋಸ್‌ಗಳನ್ನು 1:43ರಲ್ಲಿ ತಂದಿತ್ತು. ಈಗ ಅದೇ ಹೆಸರಿನಲ್ಲಿ 1:18ರ ಡೆಲ್ಟಾ ಇಂಟೆಗ್ರಾಲೆ ಕೈಗೆಟಕುವ ಬೆಲೆಗೆ ಸಿಗುತ್ತದೆ. ಪೋರ್ಚುಗಲ್‌ನ ವಿಟೆಸ್ ಮತ್ತು ಟ್ರೊಫ್ಯೂ, ಜಪಾನಿನ ಕ್ಯೋಶೊ, ರೆಸಿನ್‌ಗೆ ಸ್ಪಾರ್ಕ್ ಪರಿಚಯ ಮಾಡಿಕೊಳ್ಳಬೇಕಾದ ಹೆಸರುಗಳು. ಕ್ಯೋಶೊದ 1:18 ಸ್ಟ್ರಾಟೋಸ್ ಇವತ್ತಿಗೂ ಒಳ್ಳೆಯದೇ. ಹೊಸಬರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಕ್ಸೊ. ಇಟಲಿಯ, ಸ್ಪೇನಿನ, ಫ್ರಾನ್ಸಿನ ಪತ್ರಿಕಾ ಗೂಡಂಗಡಿಗಳಲ್ಲಿ ಡಿ ಅಗೋಸ್ಟಿನಿಯಂಥ ಪ್ರಕಾಶಕರು ಸಂಚಿಕೆಯ ಜತೆಗೆ ಒಂದೊಂದು ಕಾರಿನಂತೆ ಮಾರುವ ಸರಣಿಗಳ ಮಾದರಿಗಳು ಬಹುಪಾಲು ಇದೇ ಕಂಪನಿಯ ಅಚ್ಚಿನವು. ಒಳಗಿನ ಬಣ್ಣ, ದೀಪಗಳಲ್ಲಿ ಉಳಿತಾಯ ಮಾಡಿರುತ್ತಾರೆ, ಮೈಯ ಆಕಾರ ಚೆನ್ನಾಗಿರುತ್ತದೆ. ಹದಿಮೂರರ ಪಟ್ಟಿಯನ್ನು ಮೊದಲು ಈ ಅಗ್ಗದ ಮಾದರಿಗಳಲ್ಲಿ ತುಂಬಿಸಿ, ಆಮೇಲೆ ಮನಸ್ಸಿಗೆ ಹತ್ತಿರವಾದ ಎರಡು ಮೂರನ್ನು ದುಬಾರಿಯದಕ್ಕೆ ಬದಲಿಸಿಕೊಳ್ಳುವುದು ಜಾಣತನ.

ಹಂತ 5: ಕೈಗೆ ತೆಗೆದುಕೊಂಡು ಪರೀಕ್ಷಿಸುವುದು

ಬೇಕಾದದ್ದು ಒಂದು ಭೂತಗನ್ನಡಿ, ಒಂದು ಪುಟ್ಟ ಟಾರ್ಚು, ಒಂದು ವರ್ನಿಯರ್ ಕ್ಯಾಲಿಪರ್.

ಮೊದಲು ಆಕಾರ. ಸ್ಟ್ರಾಟೋಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ 2,180 ಮಿ.ಮೀ. 1:43ರಲ್ಲಿ ಅದು 50.7. ಕ್ಯಾಲಿಪರ್ 51ರ ಆಸುಪಾಸು ತೋರಿಸಿದರೆ ಸರಿ. 53 ತೋರಿಸಿದರೆ ಬೇರೆ ಕಾರಿನ ಚಾಸಿಯನ್ನು ಅಡಿಗೆ ತುರುಕಿದ್ದಾರೆ. ಸ್ಟ್ರಾಟೋಸ್‌ನ ಚೆಲುವೆಲ್ಲ ಅದು ಗಿಡ್ಡ, ಅಗಲ ಎಂಬುದರಲ್ಲೇ ಇರುವಾಗ ಎರಡು ಮಿಲಿಮೀಟರ್ ಹಿಗ್ಗಿದರೂ ಕಾರು ಬೇರೆಯೇ ಆಗಿಬಿಡುತ್ತದೆ.

ಆಮೇಲೆ ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮುಂದಿನಿಂದ ನೋಡಿ. ನಾಲ್ಕೂ ಚಕ್ರ ನೆಲ ಮುಟ್ಟಬೇಕು, ಒಳಕ್ಕೆ ಹೊರಕ್ಕೆ ವಾಲಬಾರದು. ಮಾರ್ಟಿನಿಯ ಕಡುನೀಲಿ, ತಿಳಿನೀಲಿ, ಕೆಂಪು ಪಟ್ಟಿಗಳು ಬಾನೆಟ್ಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿಂಬದಿಗೆ ದಾಟುವಾಗ ಮುರಿಯದೆ ಸಾಗಬೇಕು. ಅಗ್ಗದ ಕೆಲಸ ಸಿಕ್ಕಿಬೀಳುವುದು ಸೀಳುಗಳ ಬಳಿ: ಪಟ್ಟಿ ಅರ್ಧ ಮಿಲಿಮೀಟರ್ ಮೇಲೆ ಕೆಳಗೆ ಹಾರಿರುತ್ತದೆ. ಅಲಿಟಾಲಿಯಾ ಕಾರುಗಳಲ್ಲಿ ಹಸಿರು ಕಪ್ಪಾಗಿದೆಯೇ ನೋಡಿ. ಬಿಳಿಯ ಮೇಲೆ ಹಳದಿ ಛಾಯೆ ಇದ್ದರೆ ಬಿಸಿಲಿನಲ್ಲಿ ಬಹುಕಾಲ ಕೂತಿದ್ದ ಮಾದರಿ.

ಡೈಕಾಸ್ಟ್‌ಗೆ ಒಂದು ಮಾರಕ ರೋಗವಿದೆ. ಎರಕದ ಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಒಳಗಿನಿಂದಲೇ ಹಿಗ್ಗಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಬಣ್ಣದ ಕೆಳಗೆ ಚಿಕ್ಕ ಗುಳ್ಳೆಗಳು, ಕೂದಲೆಳೆಯಂಥ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಇದರ ಲಕ್ಷಣ. ಟಾರ್ಚನ್ನು ಓರೆಯಾಗಿ ಹಿಡಿದರೆ ಗುಳ್ಳೆಗಳು ನೆರಳು ಹಾಕುತ್ತವೆ. ಇದಕ್ಕೆ ಮದ್ದಿಲ್ಲ. ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಒಂದು ಮಾದರಿಗಿದ್ದರೆ ಪಕ್ಕದ್ದಕ್ಕೂ ಅಂಟುತ್ತದೆ ಎಂಬ ಮಾತು ಮಾತ್ರ ಸುಳ್ಳು, ಅದು ಹುಟ್ಟಿನಿಂದ ಬಂದ ರೋಗ.

ಹಳೆಯ ಮಾದರಿಗಳಲ್ಲಿ ಟೈರು ಹೊಸದಾಗಿ ಹೊಳೆಯುತ್ತಿದ್ದರೆ, ಪೆಟ್ಟಿಗೆಯ ಅಂಚು ತೀರಾ ಚೂಪಾಗಿದ್ದರೆ ಹಳೆಯದರ ಮರುತಯಾರಿಕೆ ಇರಬಹುದು. ಸಂಗ್ರಾಹಕರ ಭಾಷೆಯಲ್ಲಿ ಕಾರ್ಖಾನೆಯಿಂದ ಬಂದದ್ದು ಹಾಗೆಯೇ ಇದ್ದರೆ ಕೋಡ್ 1. ತಯಾರಕರ ಒಪ್ಪಿಗೆಯಿಂದ ಬೇರೆಯವರು ಬಣ್ಣ ಬದಲಿಸಿದ್ದರೆ ಕೋಡ್ 2. ಯಾರೋ ಮನೆಯಲ್ಲಿ ಕೂತು ಬದಲಿಸಿದ್ದರೆ ಕೋಡ್ 3. ಕೋಡ್ 3 ಕೆಟ್ಟದ್ದೇನಲ್ಲ, ಕೆಲವು ಕಾರ್ಖಾನೆಯದಕ್ಕಿಂತ ಸೊಗಸಾಗಿರುತ್ತವೆ. ಅದನ್ನು ಕೋಡ್ 1 ಎಂದು ಮಾರುವುದು ಮೋಸ.

ಹಂತ 6: ಎಲ್ಲಿ ಕೊಳ್ಳುವುದು, ಎಷ್ಟು ತೆರುವುದು

ಇಟಲಿಯಲ್ಲಿ ಓಡಾಡುವ ಅವಕಾಶ ಇರುವವರಿಗೆ ಜಾತ್ರೆಗಳೇ ಸರಿ. ಹಳೆಯ ಕಾರುಗಳ ದೊಡ್ಡ ಮೇಳ ‘ಆಟೊ ಎ ಮೊಟೊ ದೆಪೊಕಾ’ ಬಹುಕಾಲ ಪಾಡುವಾದಲ್ಲಿ ನಡೆದು 2023ರಿಂದ ಬೊಲೋನಿಯಾಕ್ಕೆ ಬಂದಿದೆ. ಅಲ್ಲಿ ಬಿಡಿಭಾಗಗಳ ರಾಶಿಯ ನಡುವೆ ಮಾದರಿಗಳ ಮೇಜುಗಳೂ ಇರುತ್ತವೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಚೌಕಾಸಿಗೆ ವ್ಯಾಪಾರಿಗಳು ಮೆತ್ತಗಾಗುವುದು ಎಲ್ಲ ದೇಶಗಳಲ್ಲೂ ಒಂದೇ.

ಭಾರತದಲ್ಲಿ ಕೂತು ಹೊರಗಿನಿಂದ ತರಿಸುವವರು ಮೊದಲು ಸುಂಕದ ಲೆಕ್ಕ ಹಾಕಬೇಕು. ಪುಟ್ಟ ಮಾದರಿಗಳು ಕಸ್ಟಮ್ಸ್ ಕಣ್ಣಿಗೆ ಆಟಿಕೆಗಳೇ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದರ ಮೇಲೆ ಬೇರೆ ತೆರಿಗೆಗಳೂ ಇವೆ. ಸಾಗಣೆ ವೆಚ್ಚವನ್ನೂ ಸೇರಿಸಿ ಸುಂಕ ಕಟ್ಟುವುದರಿಂದ, ಬೆಲೆ ಅಗ್ಗ ಎಂದು ತರಿಸಿದ್ದು ಮನೆ ಸೇರುವ ಹೊತ್ತಿಗೆ ದುಪ್ಪಟ್ಟು ದಾಟಬಹುದು. ಅಲ್ಲದೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಆರ್ಡರ್ ಮಾಡುವ ಮುನ್ನ ಆ ದಿನದ ದರ ಮತ್ತು ನಿಯಮ ನೋಡಿಕೊಳ್ಳಿ. ಕಡಿಮೆ ಬೆಲೆಯ ರಸೀದಿ ಬರೆದು ಕಳಿಸುತ್ತೇನೆ ಎನ್ನುವ ಮಾರಾಟಗಾರರ ಮಾತಿಗೆ ಒಪ್ಪಬೇಡಿ; ಪಾರ್ಸೆಲ್ ಸಿಕ್ಕಿಬಿದ್ದರೆ ದಂಡ ತೆರುವವರು ನೀವು. ಇಲ್ಲಿನ ಸಂಗ್ರಾಹಕರಿಂದಲೇ ಕೊಳ್ಳುವುದು ಎಷ್ಟೋ ಸಲ ಅಗ್ಗವೂ ಹೌದು, ಕೈಯಲ್ಲಿ ಹಿಡಿದು ನೋಡಿ ಕೊಳ್ಳಲೂ ಆಗುತ್ತದೆ.

ಮಾರಾಟಗಾರರಿಗೆ ಒಂದು ಮಾತು ಮುಂಚೆಯೇ ಬರೆಯಿರಿ: ಮಾದರಿ ತಳಕ್ಕೆ ಸ್ಕ್ರೂ ಬಿಗಿದೇ ಇರಲಿ, ಪಾರದರ್ಶಕ ಮುಚ್ಚಳ ಮತ್ತು ಮಾದರಿಯ ನಡುವೆ ತೆಳುವಾದ ಟಿಶ್ಯೂ ಇಡಿ, ಹೊರಪೆಟ್ಟಿಗೆ ಎರಡಿರಲಿ. ದಾರಿಯಲ್ಲಿ ಮುರಿಯುವುದು ಯಾವಾಗಲೂ ಕನ್ನಡಿ, ವೈಪರ್, ಆಂಟೆನಾ.

ಹಂತ 7: ಬಿಟ್ಟುಹೋದ ಸ್ಟಿಕ್ಕರುಗಳನ್ನು ತುಂಬುವುದು

1974ರ ಸ್ಟ್ರಾಟೋಸ್‌ಗಳ ಮೇಲೆ ಮಾರ್ಲ್‌ಬೊರೊ ಸಿಗರೇಟಿನ ಹೆಸರಿತ್ತು. ತಂಬಾಕು ಜಾಹೀರಾತಿನ ಕಾನೂನುಗಳ ಭಯಕ್ಕೆ ಈಗಿನ ತಯಾರಕರು ಆ ಜಾಗವನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟ ಕಾರು ಇತಿಹಾಸಕ್ಕೆ ಸುಳ್ಳು. ಆದ್ದರಿಂದ ಪ್ರತ್ಯೇಕವಾಗಿ ಸಿಗುವ ಡೆಕಾಲ್ (ನೀರಿನಲ್ಲಿ ಅದ್ದಿ ಅಂಟಿಸುವ ಸ್ಟಿಕ್ಕರು) ಹಾಳೆ ತಂದು ಅಂಟಿಸುವುದನ್ನು ಕಲಿಯಬೇಕು.

ಮಾದರಿಯನ್ನು ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಬೆರಳಿನ ಜಿಡ್ಡಿದ್ದರೆ ಡೆಕಾಲ್ ಕೂರುವುದಿಲ್ಲ. ಬೇಕಾದ ಅಕ್ಷರಗಳನ್ನು ಅಂಚಿಗೆ ಹತ್ತಿ ಹೊಸ ಬ್ಲೇಡಿನಿಂದ ಕತ್ತರಿಸಿ. ಚಿಮುಟದಲ್ಲಿ ಹಿಡಿದು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಟಿಶ್ಯೂ ಮೇಲೆ ಅರ್ಧ ನಿಮಿಷ ಬಿಡಿ. ಎಳೆಯಬೇಡಿ, ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಕಾಗದದ ಮೇಲೆ ಜಾರುವಂತಾಗಬೇಕು. ಕೂರಿಸುವ ಜಾಗಕ್ಕೆ, ಡೆಕಾಲ್ ಹಿಡಿದುಕೊಳ್ಳಲು ನೆರವಾಗುವ ಮೈಕ್ರೊ ಸೆಟ್ ದ್ರವವನ್ನು ಕುಂಚದಲ್ಲಿ ಸವರಿ, ಕಾಗದದಿಂದ ನೇರವಾಗಿ ಅದರ ಮೇಲೆ ಜಾರಿಸಿ, ಒದ್ದೆ ಕುಂಚದಿಂದ ಸರಿಹೊಂದಿಸಿ. ಜಾಗ ಖಚಿತವಾದ ಮೇಲೆ ಒದ್ದೆ ಹತ್ತಿಯ ಕಡ್ಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ ನೀರು, ಗಾಳಿ ಹೊರಹಾಕಿ. ಬಾಗಿಲ ಸೀಳು, ಕಮಾನಿನ ಉಬ್ಬು ಇರುವಲ್ಲಿ ಡೆಕಾಲನ್ನು ಮೆತ್ತಗಾಗಿಸುವ ಮೈಕ್ರೊ ಸೋಲ್ ದ್ರವ ಒಂದು ಹನಿ. ಡೆಕಾಲ್ ಆಗ ಸುಕ್ಕಾಗಿ ಹಾಳಾದಂತೆ ಕಾಣುತ್ತದೆ. ಗಾಬರಿಯಿಂದ ಮುಟ್ಟಿದಿರೋ, ನಿಜವಾಗಿಯೂ ಹಾಳು. ಬಿಟ್ಟುಬಿಟ್ಟರೆ ತಾನಾಗಿಯೇ ಮೈಗೆ ಅಂಟಿಕೊಂಡು ಬಣ್ಣ ಬಳಿದಂತೆ ಆಗುತ್ತದೆ. ರಾತ್ರಿಯಿಡೀ ಒಣಗಲಿ. ಬೆಲೆಬಾಳುವ ಮಾದರಿಯ ಮೇಲೆ ಕೈಯಿಡುವ ಮೊದಲು ಮುರಿದ ಒಂದು ಹಳೆಯ ಕಾರಿನ ಮೇಲೆ ಅಭ್ಯಾಸ ಮಾಡಿ.

ಹಂತ 8: ಕಾಪಾಡುವುದು

ಬಿಸಿಲು, ತೇವ, ದೂಳು, ಕೈ: ಶತ್ರುಗಳು ಇಷ್ಟೇ. ಷೋಕೇಸು ಕಿಟಕಿಯ ಎದುರಿಗೆ ಬೇಡ. ಒಳಗೆ ದೀಪ ಹಾಕುವುದಾದರೆ ಎಲ್‌ಇಡಿ. ರೆಸಿನ್ ಬಿಸಿಗೆ ಬಾಗುತ್ತದೆ. ಬೇಸಿಗೆಯ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಪಾರ್ಸೆಲನ್ನು ಮರೆಯಬೇಡಿ.

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲಕ್ಕೆ ವಿಶೇಷ ಜಾಗ್ರತೆ ಬೇಕು. ರಟ್ಟಿನ ಪೆಟ್ಟಿಗೆಗೆ ಬೂಷ್ಟು, ಆಕ್ಸಲ್ಲಿಗೂ ಸ್ಕ್ರೂಗೂ ತುಕ್ಕು ಎರಡೂ ಬರುತ್ತವೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಜಾತಿಯ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಬಟ್ಟೆ ಬೀರುವಿನ ಅಭ್ಯಾಸಬಲದಿಂದ ನುಸಿಗುಳಿಗೆ ಇಡಲೇಬೇಡಿ. ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಬಣ್ಣ ಕೆಡಿಸುತ್ತದೆ.

ಇನ್ನೊಂದು ಕಾಣದ ಕಾಟ ಟೈರಿನದು. ಮೆತ್ತನೆಯ ಟೈರಿನಲ್ಲಿರುವ ಎಣ್ಣೆಯಂಥ ಅಂಶ ವರ್ಷಗಳಲ್ಲಿ ಹೊರಬಂದು ಕೆಳಗಿನ ಪ್ಲಾಸ್ಟಿಕ್ ತಳವನ್ನು ಕರಗಿಸುತ್ತದೆ; ಎತ್ತಿದಾಗ ನಾಲ್ಕು ಗುಳಿಗಳು. ತಳಕ್ಕೂ ಕಾರಿಗೂ ನಡುವೆ ಒಂದು ವಾಷರ್ ಹಾಕಿ ಸ್ಕ್ರೂ ಬಿಗಿದರೆ ಚಕ್ರಗಳು ಕೂದಲೆಳೆಯಷ್ಟು ಮೇಲೇಳುತ್ತವೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ದೂಳಿಗೆ ಮೇಕಪ್ಪಿನ ಮೆತ್ತನೆಯ ಕುಂಚ ಮತ್ತು ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋಯರ್ ಸಾಕು. ಸ್ಯಾನಿಟೈಸರ್, ಥಿನ್ನರ್ ಹತ್ತಿರವೂ ಬರಬಾರದು, ಅಕ್ಷರಗಳು ಅಳಿಸಿಹೋಗುತ್ತವೆ. ಮಾದರಿಯನ್ನು ಎತ್ತುವಾಗ ಚಾವಣಿ ಹಿಡಿಯದೆ ತಳದ ಎರಡು ಬದಿ ಹಿಡಿಯಿರಿ.

ಹಂತ 9: ದಾಖಲೆ

ಒಂದು ನೋಟ್‌ಬುಕ್ಕೋ ಕಂಪ್ಯೂಟರಿನ ಹಾಳೆಯೋ, ಯಾವುದಾದರೂ ಆದೀತು. ಪ್ರತಿ ಮಾದರಿಗೂ ಒಂದು ಸಾಲು: ಕಾರು, ಅವತಾರ, ರ‍್ಯಾಲಿ, ವರ್ಷ, ಸಂಖ್ಯೆ, ಚಾಲಕ ಮತ್ತು ಸಹಚಾಲಕ, ನಂಬರ್ ಪ್ಲೇಟು, ಬಂದ ಸ್ಥಾನ, ಆಮೇಲೆ ತಯಾರಕರು, ಅವರ ಕ್ರಮಸಂಖ್ಯೆ, ಕೊಂಡ ಬೆಲೆ, ಸುಂಕ, ಕೋಡ್. ಕೊನೆಯಲ್ಲಿ ‘ವ್ಯತ್ಯಾಸ’ ಎಂಬ ಅಂಕಣ ಇರಲಿ: ‘ಮಡ್‌ಫ್ಲ್ಯಾಪ್ ಇಲ್ಲ’, ‘ಹಸಿರು ಕಪ್ಪಾಗಿದೆ’, ‘ದೀಪಗಳು ನಾಲ್ಕಿರಬೇಕು, ಆರಿವೆ’. ಮೇಲುದರ್ಜೆಯ ಮಾದರಿಗೆ ಹಣ ಕೂಡಿಸುವಾಗ ಯಾವುದನ್ನು ಮೊದಲು ಬದಲಿಸಬೇಕೆಂದು ಈ ಅಂಕಣವೇ ಹೇಳುತ್ತದೆ.

ಟೊಯ್ವೊನೆನ್ ಅವರ ಎಸ್4 ಬರೆಯುವಾಗ ಒಂದು ಜಾಗ್ರತೆ. 1986ರ ಮಾಂಟೆ ಕಾರ್ಲೊ ಗೆದ್ದ ಕಾರಿನ ಸಂಖ್ಯೆ 7. ಅದೇ ವರ್ಷದ ಮೇ 2ರಂದು ಕಾರ್ಸಿಕಾದಲ್ಲಿ ಟೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ಟೊ ಇಬ್ಬರೂ ಸತ್ತ ಕಾರಿನ ಸಂಖ್ಯೆ 4. ‘ಬಿ’ ಗುಂಪಿನ ಕಾರುಗಳ ಕಾಲ ಮುಗಿಯಲು ಕಾರಣವಾದ ಅಪಘಾತ ಅದು. ಎರಡರ ಮಾದರಿಗಳೂ ಮಾರುಕಟ್ಟೆಯಲ್ಲಿವೆ, ಮಾರ್ಟಿನಿ ಬಣ್ಣದಲ್ಲಿ ಮೇಲ್ನೋಟಕ್ಕೆ ಒಂದೇ ಥರ. ಕೆಲವರು 4ನೇ ಸಂಖ್ಯೆಯದನ್ನು ಬೇಕೆಂದೇ ಇಡುವುದಿಲ್ಲ, ಕೆಲವರು ಗೌರವಕ್ಕೆಂದೇ ಇಡುತ್ತಾರೆ. ನನ್ನ ಸಾಲಿನಲ್ಲಿ ಅದಿಲ್ಲ. ನಿಮಗೆ ಬೇಕೆನಿಸಿದರೆ ಇಡಿ, ಆದರೆ ಯಾವುದನ್ನು ಕೊಳ್ಳುತ್ತಿದ್ದೀರಿ ಎಂದು ಬಾಗಿಲ ಮೇಲಿನ ಸಂಖ್ಯೆ ನೋಡಿಯೇ ಹಣ ಕೊಡಿ.